ಮೇಷ್ಟ್ರ ಅಂಚಿನ ಕನ್ನಡ

ಕಳೆದ ವಾರ ಮಗಳು ಕಾಲೇಜಿನಿಂದ ಬಂದವಳೇ ಊಟದ ಮೇಜಿನ ಮೇಲೆ ಒಂದು ಜೆರಾಕ್ಸ್ ಕಟ್ಟು ಎಸೆದಳು. ಪ್ಲಾಸ್ಟಿಕ್ ಕವರ್ ಬಿಚ್ಚಿದೊಡನೆ ಆ ಸುಟ್ಟ ಮಸಿಯ ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತೈದು ವರ್ಷಗಳ ಹಿಂದೆ ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಗಲ್ಲಿಗಳಲ್ಲಿ ನನ್ನ ಬಟ್ಟೆಗೂ ಕೂದಲಿಗೂ ಅಂಟಿಕೊಂಡಿದ್ದ ವಾಸನೆ ಅದು. ಬಿಎ ಇಂಗ್ಲಿಷ್ ಓದುವ ಇವಳಿಗೆ ಯಾರೋ ಗೆಳತಿ ಹೇಳಿದ್ದಳಂತೆ, ಹಳೆಯ ಇಂಗ್ಲಿಷ್ ಕವಿತೆಗಳಿಗೆ ಅಲ್ಲಿ ಸಿಗುವ ನೋಟ್ಸ್‌ನಂಥದ್ದು ಬೇರೆಲ್ಲೂ ಇಲ್ಲ ಎಂದು. ಮೇಲಿನ ಹಾಳೆಯಲ್ಲಿ ಅಂಗಡಿಯವನು ದಪ್ಪಗೆ ಬರೆದಿದ್ದ: ‘ಸೌತ್ ವಾಲೇ ಸರ್’, ದಕ್ಷಿಣದ ಮೇಷ್ಟ್ರು. ಒಳಗಿನ ಓರೆ ಅಕ್ಷರ ಕಂಡದ್ದೇ ನಾನು ಕುರ್ಚಿ ಎಳೆದುಕೊಂಡು ಕೂತೆ. ಅದು ನಮ್ಮ ಮೇಷ್ಟ್ರ ಕೈಬರಹ...

ಅವರು ಉಡುಪಿ ಕಡೆಯವರು. ಸಂಬಂಧಿಕರ ಹೋಟೆಲಿನಲ್ಲಿ ದುಡಿಯಲು ಹದಿನೆಂಟಕ್ಕೇ ದೆಹಲಿಗೆ ಬಂದು, ಹಗಲು ಸಾಂಬಾರ್ ಬಡಿಸಿ, ಸಂಜೆ ಕಾಲೇಜಿನಲ್ಲಿ ಇಂಗ್ಲಿಷ್ ಎಂಎ ಮುಗಿಸಿದವರು. ಮದುವೆಯಾಗಲಿಲ್ಲ. ಒಂದು ಮನೆಯ ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ, ಐಎಎಸ್ ಕನಸು ಹೊತ್ತು ಬಂದ ಹತ್ತು ಹನ್ನೆರಡು ಮಂದಿಗೆ ಸಾಹಿತ್ಯದ ಪತ್ರಿಕೆಗೆ ಪಾಠ ಹೇಳುತ್ತಿದ್ದರು. ಅವರಲ್ಲಿ ಕನ್ನಡದವಳು ನಾನೊಬ್ಬಳೇ.

ಕಾಲದ ಬಗ್ಗೆ ಬರೆದ ಕವಿತೆಗಳೆಂದರೆ ಅವರಿಗೆ ಪ್ರಾಣ. “ಈ ಕವಿಗಳ ಧೈರ್ಯ ನೋಡು ಮಾರಾಯ್ತಿ,” ಎನ್ನುತ್ತಿದ್ದರು. “ಕಲ್ಲು ಸವೀತದೆ, ಅರಸರ ಗೋರಿ ಕುಸೀತದೆ, ನನ್ನ ನಾಲ್ಕು ಸಾಲು ಮಾತ್ರ ಉಳೀತದೆ ಅಂತಾರೆ. ನಿನ್ನನ್ನು ಅಮರ ಮಾಡ್ತೇನೆ ಅಂತ ಪ್ರೀತಿಸಿದವರಿಗೆ ಮಾತು ಕೊಡ್ತಾರೆ, ಹೆಸರು ಬರೆಯೋದು ಮಾತ್ರ ಮರೀತಾರೆ!” ಹೇಳಿ ತಾವೇ ನಗುತ್ತಿದ್ದರು. ಒಮ್ಮೆ ನಮ್ಮನ್ನೆಲ್ಲ ಪಾರ್ಕಿನೊಳಗಿನ ಒಂದು ಹಳೆಯ ಗುಮ್ಮಟದ ಕೆಳಗೆ ಕೂರಿಸಿ ಪಾಠ ಮಾಡಿದರು. ಇದು ಯಾರ ಗೋರಿ ಎಂದು ಕೇಳಿದರೆ ಅಲ್ಲಿನ ಕಾವಲುಗಾರನಿಗೂ ಗೊತ್ತಿರಲಿಲ್ಲ.

ಅವರ ನೋಟ್ಸ್ ಒಂದು ಉದ್ದನೆಯ ರಿಜಿಸ್ಟರಿನಲ್ಲಿತ್ತು. ಎಡಕ್ಕೆ ಶಾಯಿಯಲ್ಲಿ ಕವಿತೆ ಮತ್ತು ವಿವರಣೆ, ಇಂಗ್ಲಿಷಿನಲ್ಲಿ. ಬಲಗಡೆಯ ಅಗಲವಾದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅದೇ ಕವಿತೆಯ ಕನ್ನಡ. ಮೂವತ್ತು ವರ್ಷ ಬರೆದು, ಅಳಿಸಿ, ಮತ್ತೆ ಬರೆದದ್ದು. ಬೇರೆ ಪ್ರತಿ ಇರಲಿಲ್ಲ. ಒಂದು ಕವಿತೆಯ ಕೊನೆಯ ಪದ ಮಾತ್ರ ಅವರನ್ನು ಸತಾಯಿಸುತ್ತಲೇ ಇತ್ತು. ಕೊನೆಯೇ ಇಲ್ಲದ ಕಾಲಕ್ಕೆ ಕನ್ನಡದಲ್ಲಿ ಏನನ್ನುವುದು? ‘ಶಾಶ್ವತ’ ಎಂದರೆ ಶ್ರದ್ಧಾಂಜಲಿ ಜಾಹೀರಾತು ಓದಿದಂತಾಗುತ್ತದೆ ಎನ್ನುವರು. ‘ಅಮರ’ ಅಂಗಡಿ ಬೋರ್ಡಿನ ಪದ. ‘ಅನಂತ’ ಅವರ ಭಾವನ ಹೆಸರು! ಹೋಟೆಲಿನ ಅಡುಗೆಯವನ ಬಾಯಲ್ಲೂ ಸಹಜವಾಗಿ ಬರುವಂಥ ಪದ ಬೇಕು ಎಂದು ಹಟ ಹಿಡಿದಿದ್ದರು.

ಪರೀಕ್ಷೆಗೆ ಹನ್ನೊಂದು ದಿನವಿತ್ತು. ಬೆಳಿಗ್ಗೆ ಮೆಟ್ಟಿಲು ಹತ್ತಿದರೆ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದಾರೆ, ಮುಖವೆಲ್ಲ ನಗು.

“ಸಿಕ್ಕಿತು ಮಾರಾಯ್ತಿ! ಆ ಪದ ಸಿಕ್ಕಿತು. ಅಂಚಿನಲ್ಲಿ ಬರೆದಿದ್ದೇನೆ, ನೀನೇ ಓದು.”

ರಿಜಿಸ್ಟರು ನನ್ನ ಕೈಗಿಟ್ಟರು. ಪರೀಕ್ಷೆಗೆ ಬೇಕಾದ್ದನ್ನು ಜೆರಾಕ್ಸ್ ಮಾಡಿಸಿಕೊಳ್ಳಲು ಹೇಳಿ, ಸ್ವಲ್ಪ ತಡೆದು ಕೇಳಿದರು: “ಪರೀಕ್ಷೆ ಮುಗಿದ ಮೇಲೆ ಕನ್ನಡದ್ದಷ್ಟನ್ನು ಚಂದ ಮಾಡಿ ಬರೆದು ಕೊಡ್ತೀಯಾ? ಪೆನ್ಸಿಲ್ ಮಾಸ್ತಾ ಇದೆ. ನನ್ನ ಕಣ್ಣೂ ಮೊದಲಿನ ಹಾಗಿಲ್ಲ.”

“ಖಂಡಿತ ಸರ್,” ಎಂದೆ. ಓದಲಿಲ್ಲ. ನನ್ನ ತಲೆಯಲ್ಲಿದ್ದದ್ದು ಹನ್ನೊಂದು ದಿನ ಮಾತ್ರ.

ಜೆರಾಕ್ಸ್ ಅಂಗಡಿಯಲ್ಲಿ ರಿಜಿಸ್ಟರು ಗಾಜಿನ ಮೇಲೆ ಪೂರ್ತಿ ಕೂರಲಿಲ್ಲ. ಹಾಳೆ ಕಾಗದಕ್ಕಿಂತ ಅಗಲ. ಅಂಗಡಿಯವನು ಅಂಚಿನ ಮೇಲೆ ಬೆರಳಿಟ್ಟು ಕೇಳಿದ, “ದೀದಿ, ಯೇ ಸೈಡ್ ವಾಲಾ ಭೀ ಚಾಹಿಯೇ? ಛೋಟಾ ಕರ್‌ನಾ ಪಡೇಗಾ.” ಚಿಕ್ಕದು ಮಾಡಿದರೆ ಇಂಗ್ಲಿಷ್ ಓದಲು ಕಷ್ಟ. ನಾನು ಗಡಿಯಾರ ನೋಡಿದೆ. “ನಹೀಂ ಭಯ್ಯಾ, ವೋ ಕಾಟ್ ದೋ,” ಎಂದೆ. ಆ ಬೀದಿಯಲ್ಲಿ ಅಂದು ಕನ್ನಡ ಓದಲು ಬರುತ್ತಿದ್ದವಳು ಬಹುಶಃ ನಾನೊಬ್ಬಳೇ... ಕತ್ತರಿಸಲು ಹೇಳಿದವಳೂ ನಾನೇ. ರಿಜಿಸ್ಟರನ್ನು ಸಂಜೆಯೇ ಹಿಂದಿರುಗಿಸಿದೆ. ಅಲ್ಲಿಯ ಎಲ್ಲ ಅಂಗಡಿಯವರಂತೆ ಅವನೂ ತನಗೊಂದು ಪ್ರತಿ ಇಟ್ಟುಕೊಂಡ.

ಪಾಸಾಗಲಿಲ್ಲ. ನಾಚಿಕೆಯಿಂದ ಮೇಷ್ಟ್ರಿಗೆ ಮುಖ ತೋರಿಸಲಿಲ್ಲ. ಕೆಲಸ ಸಿಕ್ಕಿತು, ಮದುವೆಯಾಯಿತು, ದೆಹಲಿಯ ಇನ್ನೊಂದು ತುದಿಯ ಮಯೂರ್ ವಿಹಾರಕ್ಕೆ ಬಂದೆ. ಇವತ್ತು ಹೋಗೋಣ, ಮುಂದಿನ ಭಾನುವಾರ ಹೋಗೋಣ ಎನ್ನುತ್ತಲೇ ಮೂರು ವರ್ಷ ಕಳೆಯಿತು. ಕಾಲದ ಮೇಲೆ ಅಷ್ಟು ಕವಿತೆ ಪಾಠ ಹೇಳಿಸಿಕೊಂಡವಳ ಬುದ್ಧಿ ಇದು! ಕೊನೆಗೆ ಒಂದು ದಿನ ಹೊಸ ನೋಟ್‌ಬುಕ್ಕು ಹಿಡಿದು ಹೋದಾಗ ತಾರಸಿ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಮೇಷ್ಟ್ರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. “ಕಿತಾಬೇಂ ತೋ ಕಬಾಡಿ ಲೇ ಗಯಾ, ಬೇಟಾ,” ಎಂದು ಮನೆಯೊಡತಿ ಸಂಕಟಪಟ್ಟುಕೊಂಡೇ ಹೇಳಿದಳು. ರದ್ದಿಯವನು ಎಲ್ಲವನ್ನೂ ಒಯ್ದಿದ್ದ. ನಾನು ಆ ಮೆಟ್ಟಿಲ ಮೇಲೇ ಕೂತು ಅತ್ತೆ.

ಈಗ ಮೇಜಿನ ಮೇಲೆ ಅವರ ಇಂಗ್ಲಿಷೆಲ್ಲ ಅಚ್ಚುಕಟ್ಟಾಗಿ ಉಳಿದಿದೆ. ಪ್ರತಿಯ ಪ್ರತಿ, ಅದರ ಪ್ರತಿ. ಎಷ್ಟು ಹುಡುಗ ಹುಡುಗಿಯರು ಇದನ್ನು ಉರು ಹೊಡೆದು ಬರೆದರೋ. ಹಾಳೆ ತಿರುವುತ್ತಾ ಆ ಕವಿತೆಗೆ ಬಂದೆ. ಅಂಗಡಿಯವನು ಅಂಚನ್ನು ಪೂರ್ತಿ ಕತ್ತರಿಸಿರಲಿಲ್ಲ; ಅಂದು ಪರೀಕ್ಷೆಯ ಅವಸರದಲ್ಲಿ ನಾನದನ್ನು ಗಮನಿಸಿರಲೇ ಇಲ್ಲ. ಬಲಗಡೆ ಬೂದಿ ಬಣ್ಣದಲ್ಲಿ ಅರ್ಧರ್ಧ ಕನ್ನಡ ಸಾಲುಗಳು ಉಳಿದಿದ್ದವು.

ಮಗಳು ಹೆಗಲ ಮೇಲಿಂದ ಬಗ್ಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು.

“ಅಚ್ಛಾ, ಯೇ ಕನ್ನಡಾ ಹೈ? ನಾವೆಲ್ಲ ಡಿಸೈನ್ ಅಂದ್ಕೊಂಡಿದ್ವಿ. ಓದಮ್ಮಾ, ಪ್ಲೀಸ್.”

ಇದ್ದಷ್ಟನ್ನು ಓದಿದೆ. ಅರ್ಧ ಸಾಲು, ಇನ್ನೊಂದು ಅರ್ಧ ಸಾಲು... ಕೊನೆಯ ಸಾಲಿನಲ್ಲಿ ಹಾಳೆಯ ತುದಿಗೆ ಒಂದು ಅಕ್ಷರದ ಬಾಗು ಮಾತ್ರ ಕಾಣುತ್ತಿತ್ತು. ಯಾವ ಅಕ್ಷರದ್ದೂ ಆಗಿರಬಹುದು.

“ಆಮೇಲೆ?” ಎಂದಳು.

“ಆಮೇಲಿನದನ್ನು ನಾನು ಕತ್ತರಿಸಲು ಹೇಳಿದ್ದೆ,” ಎಂದೆ.