ಗಾಜಿನ ಗುಂಡು ತುಂಬಿದ ಸೀಸೆ

ಸೀಸೆ ಖಾಲಿಯಾದಷ್ಟೂ ಒಳಗೆ ಸೇರುವ ಗಾಳಿ ಸುಗಂಧವನ್ನು ತಿಂದುಹಾಕುತ್ತದೆ. ಅದಕ್ಕೇ ಹಳೆಯ ಸುಗಂಧಗಳನ್ನು ಕಾಪಿಡುವ ಆ ಸಂಗ್ರಹಾಲಯದಲ್ಲಿ, ಹನಿ ತೆಗೆದಾಗಲೆಲ್ಲ ಸಣ್ಣ ಗಾಜಿನ ಗುಂಡುಗಳನ್ನು ಇಳಿಸಿ ದ್ರವವನ್ನು ಮತ್ತೆ ಕತ್ತಿನವರೆಗೆ ಏರಿಸುತ್ತಿದ್ದರು. ತಣ್ಣನೆಯ ಕೋಣೆಯಲ್ಲಿ ಕಂಬಳಿ ಹೊದ್ದು ಈ ಕೆಲಸ ಮಾಡುತ್ತಿದ್ದವಳಿಗೆ ಗುಂಡಕ್ಕ ಎಂದೇ ಹೆಸರು ಬಿದ್ದಿತ್ತು. ಆಳು ಮಾತ್ರ ಒಣಗಿದ ಕಡ್ಡಿ.

ಸಾವಿರಾರು ಸೀಸೆಗಳಲ್ಲಿ ಅವಳ ಹೊಟ್ಟೆ ಉರಿಸುತ್ತಿದ್ದದ್ದು ಒಂದೇ. ಅವಳ ಅಕ್ಕ ದುಡಿದ ಸುಗಂಧದ ಕಾರ್ಖಾನೆಯದು. ಕಿಟಕಿಯಿಲ್ಲದ ಕೋಣೆಯಲ್ಲಿ ಸೀಸೆ ತುಂಬಿಸಿ ತುಂಬಿಸಿ ಅಕ್ಕನ ಮೂಗೇ ಸತ್ತಿತ್ತು. ಅನ್ನ ಸೀದರೂ ತಿಳಿಯದು. ಮಾಲೀಕ ರಾತ್ರೋರಾತ್ರಿ ಯಂತ್ರ ಸಾಗಿಸಿ ಬಾಗಿಲು ಹಾಕಿದಾಗ, ಬಾಕಿ ಕೂಲಿಗಾಗಿ ಗೇಟಿನ ಮುಂದೆ ಕೂತ ಹೆಂಗಸರ ಕೈಗೆ ಉಳಿದದ್ದು ಈ ಕೊನೆಯ ಸೀಸೆ. ಸಂಗ್ರಹಾಲಯಕ್ಕೆ ಕೊಟ್ಟವರು ಅವರು. ಚೀಟಿಯ ಮೇಲೆ ಹೆಸರು ಮಾಲೀಕನದು.

ಸಂಗ್ರಹಾಲಯದ ನಿರ್ದೇಶಕನದು ಅಪ್ಪನ ಮನೆಯ ಗಂಟು ಹಂಚುವಂಥ ಧಾರಾಳತನ. ದೊಡ್ಡವರು ಬಂದರೆ ಆ ಸೀಸೆ ತರಿಸಿ ಅವರ ಮಣಿಕಟ್ಟಿಗೆ ಹಚ್ಚುತ್ತಿದ್ದ. ಗುಂಡಕ್ಕ ತುಟಿ ಬಿಗಿದು ಗುಂಡು ಇಳಿಸುತ್ತಿದ್ದಳು.

ಆವತ್ತು ಅವನೆಂದ, “ನಾಳೆ ಆ ಮಾಲೀಕರ ಮೊಮ್ಮಗ ಬರ್ತಾರೆ. ಅದರಿಂದ ಒಂದು ಸಣ್ಣ ಸೀಸೆ ತುಂಬಿಸಿಡು. ತಾತನ ನೆನಪಿಗೆ.”

“ಅಷ್ಟು ಎಲ್ಲಿದೆ ಸಾರ್? ಒಳಗಿರೋದೆಲ್ಲ ಗುಂಡು.”

“ಕತ್ತಿನವರೆಗೂ ಇದೆಯಲ್ಲ. ಮುಗಿಯೋಕೆ ಬಂದಿದ್ರೆ ಇಷ್ಟು ದಿನ ಹೇಳೋಕೇನಾಗಿತ್ತು?”

ಕೆನ್ನೆಗೆ ಬಾರಿಸಿದಂತಾಯಿತು. ಮನೆಗೆ ಬಂದು ಹೇಳಿದರೆ ಅಕ್ಕ ಕೆಮ್ಮುತ್ತಲೇ ಉಗಿದಳು.

“ಅವನು ಹಂಚ್ತಾ ಹೋದ, ನೀನು ಮುಚ್ಚಿಡ್ತಾ ಹೋದೆ. ಭಲೇ ಜೋಡಿ.”

“ಸೀಸೆ ಕೆಡಬಾರದು ಅಂತ ಮಾಡ್ದೆ ಅಕ್ಕಾ. ಅದೇ ನನ್ ಕೆಲಸ.”

“ನನಗೆ ಮೂಗು ಹೋಯ್ತು ಸರಿ. ನಿನಗೆ ಬಾಯಿ ಯಾಕೆ ಹೋಯ್ತು?”

ಮರುದಿನ ಮೊಮ್ಮಗ ಬಂದ. ಗುಂಡಕ್ಕ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಲ್ಲರೆದುರೇ ಸೀಸೆಯನ್ನು ಜಾಲರಿಗೆ ಬಗ್ಗಿಸಿದಳು. ಗುಂಡುಗಳು ರಾಶಿ ಬಿದ್ದವು. ಕೆಳಗಿನ ಬಟ್ಟಲಲ್ಲಿ ಜಿನುಗಿದ್ದು ತಳ ಮುಚ್ಚುವಷ್ಟು.

“ಏನು ಮಾಡ್ತಿದ್ದೀಯ?” ನಿರ್ದೇಶಕನ ದನಿ ಕೀರಲಾಯಿತು.

“ನಿಮ್ಮ ಧಾರಾಳ ಎಷ್ಟು ಅಂತ ತೋರಿಸ್ತಿದ್ದೀನಿ ಸಾರ್. ಗುಂಡು ಬೇಕಾದಷ್ಟಿದೆ, ಹಂಚಿ.”

ಉಳಿದದ್ದನ್ನು ಹೆಬ್ಬೆರಳುದ್ದದ ಸೀಸೆಗೆ ಸುರಿದಳು. ಕತ್ತಿನವರೆಗೆ ಬಂತು. ಮೊಮ್ಮಗ ನಗುತ್ತಾ ಮಣಿಕಟ್ಟು ಚಾಚಿದ. “ಒಂದೇ ಹನಿ ಅಮ್ಮಾ. ನಮ್ಮ ತಾತ ಮಾಡಿದ್ದು.”

“ನಿಮ್ಮ ತಾತ ಮಾರಿದ್ದು. ಮಾಡಿದ್ದು ನಮ್ಮಕ್ಕ. ಅವಳ ಮೂಗಿಗೇ ಇದು ಹತ್ತಲ್ಲ. ನಿಮಗ್ಯಾಕಪ್ಪಾ?”

ಚಾಚಿದ ಕೈ ಜೇಬಿಗೆ ಹೋಯಿತು.

“ನಾಳೆಯಿಂದ ಕೆಲಸಕ್ಕೆ ಬರಬೇಡ,” ಎಂದ ನಿರ್ದೇಶಕ.

“ನಾಳೆ ಮಾತು ನಾಳೆಗೆ,” ಎಂದು ಗುಂಡಕ್ಕ ಬಿರಡೆ ಒತ್ತಿ, ಮೇಣ ಕರಗಿಸಿ ಸುತ್ತಲೂ ಬಿಟ್ಟಳು. ಬೆರಳು ಸುಟ್ಟರೂ, ಮೇಣ ಕಲ್ಲಾಗುವವರೆಗೆ ಸೀಸೆ ಬಿಡಲಿಲ್ಲ.