ನೀಲವ್ವನ ಹೊಲದ ಒಡ್ಡು

ಅಕ್ಕಲಕೋಟೆಯ ಮೊದಲ ಗಾಡಿ ಏಳಕ್ಕೆ. ನಾನು ಆರಕ್ಕೇ ಸೊಲ್ಲಾಪುರದ ಮೋಟಾರು ನಿಲ್ದಾಣದಲ್ಲಿ ನಿಂತಿದ್ದೆ. ನಿದ್ದೆ ಬಾರದವನಿಗೆ ಬೇಗ ಏಳುವುದೇನು ಕಷ್ಟ! ಹಿಂದಿನ ಸಂಜೆ ಮುಂಗಾರಿನ ಮೊದಲ ಮಳೆ ಹೊಡೆದಿತ್ತು. ಊರೆಲ್ಲ ತಂಪಾಯಿತೆಂದು ಹಿಗ್ಗುತ್ತಿದ್ದರೆ ನಾನು ಮಾತ್ರ ಒಂದು ಒಡ್ಡನ್ನು ನೆನೆದು ರಾತ್ರಿಯೆಲ್ಲ ಹೊರಳಾಡಿದ್ದೆ.

ಕಾರಣ ಹೇಳುತ್ತೇನೆ. ಬೇಸಿಗೆಯಲ್ಲಿ ಎಂಟು ದಿನ, ಅಕ್ಕಲಕೋಟೆಯ ಆಚೆಗಿರುವ ಕರಜಗಿಯ ಸಾಲೆಮಕ್ಕಳಿಗೆ ನೀರು, ಮಣ್ಣು ಉಳಿಸುವುದನ್ನು ಕಲಿಸಲು ನನ್ನನ್ನು ಕಳಿಸಿದ್ದರು. ಹಲಗೆಯ ಮೇಲೆ ಬರೆಯುವ ಪಾಠವಲ್ಲ. ಎರಡು ಡಬ್ಬಿಗಳಿಗೆ ಮಣ್ಣು ತುಂಬಿ, ಒಂದರಲ್ಲಿ ಹುಲ್ಲು ನೆಟ್ಟು, ಓರೆಯಾಗಿಟ್ಟು ತಂಬಿಗೆಯಿಂದ ನೀರು ಸುರಿದೆವು. ಹುಲ್ಲಿದ್ದದ್ದರಿಂದ ತಿಳಿನೀರು, ಬರಿ ಮಣ್ಣಿನದರಿಂದ ರಾಡಿ. ಆ ರಾಡಿಯನ್ನು ಸೀಸೆಯಲ್ಲಿಟ್ಟು, ಮರುದಿನ ತಳಕ್ಕೆ ಕೂತ ಮಣ್ಣನ್ನು ಮಕ್ಕಳು ಬೆರಳಿನಿಂದ ಅಳೆದರು. ಕೊನೆಗೆ, ಕುರಿ ಸಾಕುವ ನೀಲವ್ವನ ಇಳಿಜಾರು ಹೊಲದಲ್ಲಿ ಅವರೇ ಬುಟ್ಟಿ ಹೊತ್ತು ಮೊಣಕಾಲೆತ್ತರದ ಒಡ್ಡು ಹಾಕಿದರು. ಆಕೆಗಿದ್ದದ್ದು ಅದೊಂದೇ ತುಂಡು ಭೂಮಿ. "ಒಂದು ಬೊಗಸೆ ಮಣ್ಣು ಹೋದರೂ ನನ್ನನ್ನು ಕೇಳವ್ವ" ಎಂದು ದೊಡ್ಡದಾಗಿ ಮಾತು ಕೊಟ್ಟು ಬಂದಿದ್ದೆ. ನನ್ನ ಬಾಯಿಗೆ ಬೀಗವಿಲ್ಲ ನೋಡಿ.

ವಳಸಂಗ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಕಪ್ಪು ನೀರು ಹರಿಯುತ್ತಿತ್ತು. ಗಾಡಿಯಲ್ಲಿದ್ದವರು ಮೋಡ ನೋಡಿದರು, ನಾನು ನೀರಿನ ಬಣ್ಣ ನೋಡಿದೆ. ಅದೆಲ್ಲ ಯಾರ್ಯಾರದೋ ಹೊಲದ ಮಣ್ಣು. ಅಕ್ಕಲಕೋಟೆ ಮುಟ್ಟಲು ಎರಡು ತಾಸು ಹಿಡಿಯಿತು. ಅಲ್ಲಿ ಒಂದಾಣೆಯ ಬಿಸಿ ಭಜಿ ಕೊಂಡೆ, ತಿನ್ನದೆ ಚೀಲಕ್ಕೆ ಹಾಕಿಕೊಂಡೆ. ಕರಜಗಿ ಗಾಡಿಯ ಕಂಡಕ್ಟರನನ್ನು ಕೇಳಿದರೆ ಅವನು ಇನ್ನಷ್ಟು ಹೆದರಿಸಿದ: "ಆ ಕಡಿ ಭಾಳ ಪಾವಸ ಆಗ್ಯಾದ್ರಿ ಮಾಸ್ತರ. ಗಾಡಿ ಹಳ್ಳ ದಾಟ್ತದೋ ಇಲ್ಲೋ, ದೇವರಿಗೇ ಗೊತ್ತು." ಪಾವಸ ಎಂದರೆ ಮಳೆಯೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಾಡಿ ಹಳ್ಳ ದಾಟಲಿಲ್ಲ. ನೀರಿಗಿಳಿದು ದಾಟಿ, ಉಳಿದ ಎರಡು ಮೈಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ನೆಟ್ಟಗೆ ಹೊಲಕ್ಕೇ ಹೋದೆ. ಅಯ್ಯೋ, ಒಡ್ಡಿನ ನಟ್ಟನಡುವೆ ಎರಡು ಮೊಳ ಅಗಲದ ಬಾಯಿ! ಅಲ್ಲೇ ನಿಂತಿದ್ದ ಮಕ್ಕಳ ಮೇಲೆ ಹರಿಹಾಯ್ದೆ: "ಯಾರು ಒಡೆದದ್ದು ಇದನ್ನ?"

ಐದನೆಯ ಇಯತ್ತೆಯ ಮಾಳವ್ವ ಮುಂದೆ ಬಂದಳು. "ಒಡದಿಲ್ರಿ ಸರ್, ನೀವು ಹೋದ ಮ್ಯಾಲ ನಾವ ಹಾದಿ ಬಿಟ್ಟೀವಿ. ಇದು ಬೀರೋಬಾನ ಗುಡಿಗೆ ಕುರಿ ಹೋಗೋ ಹಾದಿ. ಮೊದಲ ಮಳಿ ಆದ ಕೂಡ್ಲೆ ಕುರಿ ಗುಡಿ ಸುತ್ತಬೇಕ್ರಿ. ಹಾದಿ ಕಟ್ಟಬಾರದು."

"ನಾನಿದ್ದಾಗ ಹೇಳಬಾರದಿತ್ತೇ?"

"ಬೈತೀರಂತ ಅಂಜಿದ್ವಿರಿ."

ಆಗ ಕೆಳಗೆ ನೋಡಿದೆ. ಕುರಿಯ ಕಾಲಿಗೆ ಮಣ್ಣು ಕಿತ್ತುಹೋಗದಿರಲೆಂದು ಆ ಬಾಯಿಗೆ ಪಾದದೆತ್ತರ ಹಾಸುಗಲ್ಲು ಜೋಡಿಸಿ, ಸಂದಿನಲ್ಲಿ ಹುಲ್ಲು ನೆಟ್ಟಿದ್ದರು. ಒಡ್ಡಿನ ಒಳಮೈಯಲ್ಲಿ ನೀರು ನಿಂತ ಗುರುತು ತುದಿಗಿಂತ ನಾಲ್ಕೇ ಬೆರಳು ಕೆಳಗಿತ್ತು. ಆ ಹಾದಿ ಇರದಿದ್ದರೆ ನೀರು ಒಡ್ಡನ್ನೇ ಹತ್ತಿ ಹರಿದು, ಹೊಲವನ್ನೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ಹೆಚ್ಚಾದ ನೀರಿಗೆ ದಾರಿ ಬಿಡಬೇಕೆಂದು ನಾನು ಕಲಿಸಿರಲೇ ಇಲ್ಲ! "ತಪ್ಪು ನನ್ನದು" ಎಂದು ಮಕ್ಕಳೆದುರಿಗೇ ಹೇಳಿದೆ. ಅವರು ನಂಬಲಿಲ್ಲ.

ಮಾಳವ್ವ ಒಂದು ಸೀಸೆ ತಂದಳು. ಆ ಬಾಯಿಯಿಂದ ಹರಿದ ನೀರನ್ನು ಹಿಂದಿನ ಸಂಜೆಯೇ ಹಿಡಿದಿಟ್ಟಿದ್ದರು. ತಳದಲ್ಲಿ ಅರ್ಧ ಬೆರಳಷ್ಟೇ ಕರಿಮಣ್ಣು, ಬರಿ ಮಣ್ಣಿನ ಡಬ್ಬಿಯ ರಾಡಿಗಿಂತ ಎಷ್ಟೋ ಕಡಿಮೆ. ಬೇರೆ ಸಾಲೆಗಳಲ್ಲಿ ತೋರಿಸಬೇಕೆಂದು ಖುಷಿಯಿಂದ ಅದನ್ನು ಚೀಲಕ್ಕೆ ಹಾಕಿಕೊಂಡೆ.

"ಮಾಸ್ತರ್ರ, ನಿಲ್ರಿ," ಬದುವಿನ ಮೇಲೆ ಕೂತಿದ್ದ ನೀಲವ್ವ ಎದ್ದಳು. "ಸೀಸೆ ಬೇಕಾದ್ರ ಒಯ್ರಿ. ಮಣ್ಣು ಇಲ್ಲೇ ಸುರುವಿ ಹೋಗ್ರಿ. ಬೊಗಸಿ ಮಣ್ಣು ಹೋದ್ರ ಕೇಳು ಅಂದಿದ್ರಿ. ಕೇಳಾಕತ್ತೀನಿ."

ಆಕೆ ನಗಲಿಲ್ಲ. ನಾನೂ ನಗಲಿಲ್ಲ. ಒಡ್ಡಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಸೀಸೆ ಬಗ್ಗಿಸಿದೆ. ತಳಕ್ಕೆ ಅಂಟಿದ್ದನ್ನೂ ನೀಲವ್ವ ನನ್ನಿಂದ ನೀರು ಹಾಕಿ ಕುಲುಕಿಸಿ ಸುರಿಸಿದಳು. ಅದು ಹೊಲದಲ್ಲಿ ಇಂಗುವವರೆಗೆ ನೋಡಿ, ಇನ್ನು ಹೋಗಬಹುದೆಂದು ತಲೆಯಾಡಿಸಿದಳು.