ಗುಂಡ್ಲುಪೇಟೆಯ ಮಾಗಿ, ನನ್ನ ತಲೆನೋವು

ಗುಂಡ್ಲುಪೇಟೆಯ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ನನಗೆ ಹತ್ತೊಂಬತ್ತು ತುಂಬಿತ್ತು. ಐವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಇದ್ದದ್ದು ಚಾಮರಾಜನಗರದಲ್ಲಿ. ಅಪ್ಪ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ನಮ್ಮ ವಂಶದ ಹೆಂಗಸರಲ್ಲಿ ಮನೆಯಿಂದಾಚೆ ಹೋಗಿ ಸಂಬಳಕ್ಕೆ ದುಡಿದವಳು ನಾನೇ ಮೊದಲು. ಹಾಗಾಗಿ ಆ ಕೆಲಸ ಅಂದರೆ ನನಗೆ ಹೆಮ್ಮೆಯೂ ಹೌದು, ಒಳಗೊಳಗೇ ಹೆದರಿಕೆಯೂ ಹೌದು. ಏನಾದರೂ ಒಂದು ಹೆಚ್ಚುಕಡಿಮೆಯಾದರೆ ಸಾಕು, ವಾಪಸು ಕರೆಸಿಕೊಂಡು ಮದುವೆ ಮಾಡಿಬಿಡುತ್ತಾರೆ ಅಂತ ಗೊತ್ತಿತ್ತು.

ಅಪ್ಪನಿಗೆ ಪರಿಚಯದವರೊಬ್ಬರ ಮೂಲಕ ಶಾಲೆಯ ಹಿಂದಿನ ಬೀದಿಯಲ್ಲೇ ನನಗೊಂದು ಕೋಣೆ ಸಿಕ್ಕಿತು. ಅದು ಈರುಳ್ಳಿ ವ್ಯಾಪಾರದವರ ಮನೆ. ಗಂಡನನ್ನು ಕಳೆದುಕೊಂಡ ಅರವತ್ತರ ಹೆಂಗಸು ಮನೆಯ ಯಜಮಾನಿ. ಅವರ ಮಗ ಮೂಟೆಗಳ ಜೊತೆ ಲಾರಿಯಲ್ಲಿ ಊರೂರು ತಿರುಗುತ್ತಿದ್ದ, ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಹಣೆಗೆ ವಿಭೂತಿ ಇಟ್ಟು, ಲಿಂಗಪೂಜೆ ಮುಗಿಸದೆ ತೊಟ್ಟು ನೀರೂ ಮುಟ್ಟದ ಆಕೆಯನ್ನು ನಾನು ಅವ್ವ ಅಂತ ಕರೆಯುತ್ತಿದ್ದೆ. ಮೊದಲ ತಿಂಗಳು ಅವರು ನನ್ನನ್ನು ಮೇಷ್ಟ್ರಮ್ಮ ಅಂದರು. ಎರಡನೆಯ ತಿಂಗಳಿಗೆ ನಾನು ‘ಮಗ’ ಆಗಿದ್ದೆ.

ಆ ವರ್ಷ ನಾನು ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದೆ. ಸಂಜೆ ಆಯಾಸದಲ್ಲಿ ಓದು ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಲಾಂದ್ರ ಹಚ್ಚಿಕೊಂಡು ಎರಡು ಗಂಟೆ ಓದುವುದು ರೂಢಿಯಾಯಿತು. ದೀಪಾವಳಿ ಕಳೆದು ಮಾಗಿ ಹಿಡಿಯಿತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಬೆರಳು ಮರಗಟ್ಟಿ ಪೆನ್ನು ಹಿಡಿಯುವುದೇ ಕಷ್ಟವಾಗುತ್ತಿತ್ತು. ಅವ್ವ ಅದನ್ನು ನೋಡಿದರು. ಮಾರನೆಯ ದಿನ ನನ್ನ ಕೋಣೆಯ ಕಿಟಕಿಗೆ ಗೋಣಿತಾಟು ಮಡಚಿ ತುರುಕಿದರು, ಬಾಗಿಲ ಸಂದಿಗೆ ಹಳೆಯ ಸೀರೆ ಸುತ್ತಿ ಇಟ್ಟರು. ಬೆಳಗಾಗೆದ್ದು ಬಾಯಗಲದ ಮಣ್ಣಿನ ಕುಂಡದ ತುಂಬ ಇದ್ದಿಲ ಕೆಂಡ ತಂದು ನನ್ನ ಕಾಲ ಹತ್ತಿರ ಇಡತೊಡಗಿದರು. ನಾನು ಬೇಡವೆಂದಾಗ, ಸ್ವಂತ ಮಗಳಿದ್ದಿದ್ದರೆ ಇಡುತ್ತಿರಲಿಲ್ಲವೇ ಅಂತ ಕೇಳಿದರು.

ತಲೆನೋವು ಶುರುವಾದದ್ದು ಆ ಸುಮಾರಿನಲ್ಲೇ. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಹಣೆಯ ಸುತ್ತ ಹಗ್ಗ ಬಿಗಿದ ಹಾಗಾಗುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಮಕ್ಕಳು ಒಟ್ಟಾಗಿ ಮಗ್ಗಿ ಹೇಳಿದರೆ ಒಂದೊಂದು ಅಂಕಿಯೂ ನೆತ್ತಿಗೆ ಬಡಿದಂತಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಳಿಯುವುದು, ಮತ್ತೆ ಮರುದಿನ ಬೆಳಿಗ್ಗೆ ಹಾಜರು.

ಅವ್ವನಿಗೆ ಗೊತ್ತಿದ್ದ ಮದ್ದೆಲ್ಲ ನನ್ನ ಹಣೆಯ ಮೇಲೆ ಬಂತು. ಒಣಶುಂಠಿ ತೇದು ಪಟ್ಟು ಹಾಕಿದರು. ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಅದರ ಹೊಗೆಯನ್ನು ಮೂಗಿಗೆ ಎಳೆಸಿದರು. ಊಟಿಯಿಂದ ಇಳಿದು ಬರುವ ಲಾರಿಯವರಿಗೆ ಹೇಳಿ ನೀಲಗಿರಿ ಎಣ್ಣೆ ತರಿಸಿ, ಬಿಸಿನೀರಿಗೆ ಎರಡು ತೊಟ್ಟು ಹಾಕಿ ಕಂಬಳಿ ಹೊದಿಸಿ ಹಬೆ ಕೊಟ್ಟರು. ಮೆಣಸಿನ ಕಷಾಯ ಕುಡಿಸಿದರು. ಪ್ರತಿಯೊಂದೂ ಒಂದು ಗಳಿಗೆ ಹಿತ ಕೊಡುತ್ತಿತ್ತು. ಆದರೆ ನೋವು ಮಾತ್ರ ನಿಲ್ಲಲಿಲ್ಲ. ಇದು ಬೆಟ್ಟದ ಗಾಳಿಯದೇ ಕೆಲಸ ಅಂತ ಅವ್ವ ತೀರ್ಮಾನಿಸಿ, ಕಿಟಕಿಗೆ ಇನ್ನೊಂದು ಗೋಣಿ ಸೇರಿಸಿದರು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನು ಚಾಮರಾಜನಗರಕ್ಕೆ ಹೋಗಿ ಸೋಮವಾರ ಮೊದಲ ಬಸ್ಸಿಗೆ ವಾಪಸಾಗುತ್ತಿದ್ದೆ. ಮನೆಯಲ್ಲಿ ತಲೆನೋವು ಸುಳಿಯುತ್ತಿರಲಿಲ್ಲ. ಅಮ್ಮ ಇದನ್ನು ಬೇಗ ಗಮನಿಸಿದಳು. ಗುಂಡ್ಲುಪೇಟೆಯ ಹವೆ ನಿನಗೆ ಒಗ್ಗಲಿಲ್ಲ, ಕೆಲಸ ಬಿಟ್ಟುಬಿಡು ಅಂತ ವಾರವಾರವೂ ಹೇಳತೊಡಗಿದಳು. ತಲೆನೋವಿನ ಹುಡುಗಿ ಅಂತ ಹೆಸರಾದರೆ ಯಾರು ಮದುವೆಯಾಗುತ್ತಾರೆ ಅನ್ನುವ ಚಿಂತೆಯೂ ಅವಳಿಗಿತ್ತು. ಅವಳ ಮಾತೇ ನಿಜವಿದ್ದರೆ ಗತಿಯೇನು ಅನ್ನುವ ದಿಗಿಲು ನನಗೂ ಇತ್ತು.

ಪುಷ್ಯ ಮಾಸದ ಒಂದು ಬೆಳಿಗ್ಗೆ ನಾನು ಮಾಡಬಾರದ್ದನ್ನು ಮಾಡಿದೆ. ಎರಡನೆಯ ಕ್ಲಾಸಿನ ಒಂದು ಹೆಣ್ಣುಮಗು ಏಳರ ಮಗ್ಗಿಯನ್ನು ಗಟ್ಟಿಯಾಗಿ, ಸಂತೋಷದಿಂದ, ತಪ್ಪಿಲ್ಲದೆ ಹೇಳುತ್ತಿತ್ತು. ನನಗೆ ತಲೆ ಸಿಡಿಯುತ್ತಿತ್ತು. ಅದರ ಕೈಯ ಸ್ಲೇಟು ಕಿತ್ತುಕೊಂಡು ಮೇಜಿಗೆ ಕುಕ್ಕಿದೆ. ಸ್ಲೇಟು ಎರಡು ಹೋಳಾಯಿತು. ಮಗು ಅಳಲಿಲ್ಲ. ಹೋಳುಗಳನ್ನು ಎತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಿತು. ಮಾರನೆಯ ದಿನ ಶಾಲೆಗೆ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ.

ಆ ಶನಿವಾರ ಊರಿಗೆ ಹೋದವಳು ಬಸ್ಸಿಳಿದು ನೇರ ಆಸ್ಪತ್ರೆಗೆ ಹೋದೆ. ಅಲ್ಲಿದ್ದ ಡಾಕ್ಟರು ನಡುವಯಸ್ಸಿನವರು, ಮಾತು ಕಡಿಮೆ. ಕಣ್ಣು ನೋಡಿದರು, ನಾಡಿ ನೋಡಿದರು, ಹುಬ್ಬಿನ ಮೇಲೆ, ಕೆನ್ನೆಯ ಮೇಲೆ ಒತ್ತಿ ನೋಡಿದರು. ಚಳಿಗಾಲದಲ್ಲಿ ತಲೆನೋವು ಬರುವುದಕ್ಕೆ ಹತ್ತು ಕಾರಣ ಇರುತ್ತೆ, ಶೀತ ಕಟ್ಟಿದರೂ ಬರುತ್ತೆ, ಒದ್ದೆ ತಲೆಯಲ್ಲಿ ಗಾಳಿಗೆ ನಿಂತರೂ ಬರುತ್ತೆ ಅಂತಾರೆ, ಹಸಿದಿದ್ದರೂ ಬರುತ್ತೆ, ಕಣ್ಣು ದಣಿದರೂ ಬರುತ್ತೆ ಅಂದರು. ನಾನು ಮಾತ್ರೆ ಕೇಳಿದೆ.

“ಮಾತ್ರೆ ಕೊಡ್ತೀನಿ. ಆದರೆ ಮೊದಲು ಒಂದು ವಾರ ನೀವು ನನಗೆ ಬರೆದುಕೊಡಬೇಕು. ನೋವು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯ್ತು, ಅದಕ್ಕೆ ಮೊದಲು ಎಲ್ಲಿ ಕೂತಿದ್ರಿ, ಏನು ತಿಂದಿದ್ರಿ. ಮೇಷ್ಟ್ರಮ್ಮ ಅಲ್ವಾ, ಇದೂ ಒಂದು ಹಾಜರಿ ಪುಸ್ತಕ ಅಂದ್ಕೊಳ್ಳಿ.”

ನನ್ನ ನೋವಿನ ಬಗ್ಗೆ ಯಾರೂ ಅಷ್ಟು ವಿವರವಾಗಿ ಕೇಳಿರಲಿಲ್ಲ. ಎಲ್ಲರೂ ಕಾರಣ ಹೇಳಿದ್ದರು, ಅವರೊಬ್ಬರು ಪ್ರಶ್ನೆ ಕೇಳಿದ್ದರು. ಕಾಪಿ ಪುಸ್ತಕದಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿ ಬರೆಯತೊಡಗಿದೆ. ಸೋಮವಾರ ನೋವಿಲ್ಲ, ಬೆಳಿಗ್ಗೆ ಬಸ್ಸಿನಲ್ಲಿದ್ದೆ. ಮಂಗಳವಾರ ಓದು ಮುಗಿಸಿ ಏಳುವಾಗಲೇ ನೋವು, ಹನ್ನೆರಡಕ್ಕೆ ಇಳಿಯಿತು.

ಅವತ್ತು ಸಂಜೆಯ ಬಸ್ಸಿಗೆ ಅವ್ವ ತೆರಕಣಾಂಬಿಗೆ ಹೋದರು. ಅಲ್ಲಿ ಅವರ ತಮ್ಮನ ಮಗಳಿಗೆ ಹೆರಿಗೆಯಾಗಿ ಹತ್ತು ಹನ್ನೆರಡು ದಿನವಾಗಿತ್ತು, ಬಾಣಂತಿಯನ್ನು ನೋಡಿಕೊಂಡು ಬರಬೇಕಿತ್ತು. ಬುಧವಾರ ಬೆಳಿಗ್ಗೆ ನಾನು ಕೆಂಡವಿಲ್ಲದೆ ಕಂಬಳಿ ಹೊದ್ದು ಓದಿದೆ. ಆ ವರ್ಷದಲ್ಲೇ ಅಂಥ ಚಳಿ ಬಿದ್ದಿರಲಿಲ್ಲ. ಹಿತ್ತಲಿನ ಬಾವಿಕಟ್ಟೆ ಕಾಣದಷ್ಟು ಮಂಜು. ಇವತ್ತು ನನ್ನ ಕತೆ ಮುಗಿಯಿತು ಅಂದುಕೊಂಡೇ ಶಾಲೆಗೆ ಹೋದೆ. ಪ್ರಾರ್ಥನೆ ಮುಗಿಯಿತು, ಮಗ್ಗಿ ಮುಗಿಯಿತು, ಮೊದಲ ಗಂಟೆ ಹೊಡೆಯಿತು. ನೋವು ಬರಲಿಲ್ಲ. ಪುಸ್ತಕದಲ್ಲಿ ಬುಧವಾರದ ಮನೆಯಲ್ಲಿ ‘ನೋವಿಲ್ಲ’ ಅಂತ ಬರೆದು, ಪಕ್ಕದ ಮನೆಯಲ್ಲಿ ‘ಕೆಂಡವಿಲ್ಲ’ ಅಂತ ಬರೆದೆ. ಎರಡನ್ನೂ ಒಟ್ಟಿಗೆ ನೋಡಿದಾಗ ಕೈ ನಿಂತಿತು.

ಇದನ್ನು ಅವ್ವನಿಗೆ ಹೇಗೆ ಹೇಳುವುದು? ಬುಧವಾರ ಸಂಜೆ ಅವರು ವಾಪಸು ಬಂದು ಕೂಸಿನ ಮುಖ, ಮೂಗು ವರ್ಣಿಸುತ್ತಿದ್ದರು. ಬಾಣಂತಿಗೆ ಮಾತ್ರ ಯಾಕೋ ಸದಾ ತಲೆ ಭಾರವಂತೆ, ಬೆಚ್ಚಗೆ ಇರಲೆಂದು ಇನ್ನೊಂದು ಕುಂಡ ಕೆಂಡ ಇಡಿಸಿ ಬಂದೆ ಅಂದರು. ಒಂದೇ ದಿನದ ಲೆಕ್ಕ, ನಾಳೆ ಇನ್ನೊಮ್ಮೆ ನೋಡಿ ಹೇಳೋಣ ಅಂದುಕೊಂಡು ನಾನು ಪುಸ್ತಕ ಮುಚ್ಚಿಟ್ಟೆ.

ಗುರುವಾರ ಬೆಳಿಗ್ಗೆ ಅವರು ಎಂದಿನಂತೆ ಕುಂಡ ತಂದಿಟ್ಟರು. ಅವತ್ತು ಹೋಗದೆ ಅಲ್ಲೇ ಗೋಡೆಗೆ ಒರಗಿ ಕೂತು, ನಾನು ಓದುವುದನ್ನು ಕೇಳುತ್ತೇನೆ ಅಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಚರಿತ್ರೆಯ ಪಾಠ ಕೇಳುವುದೆಂದರೆ ಆಸೆ. ನಾನು ಬಾಗಿಲು ಸ್ವಲ್ಪ ತೆರೆದಿಟ್ಟೆ, ಅವರು ಎದ್ದು ಮುಚ್ಚಿದರು. ಒಂದು ಗಂಟೆಗೂ ಹೆಚ್ಚು ಓದಿರಬೇಕು. ಸಾಕು ಮಗ, ಪೂಜೆಗೆ ಹೊತ್ತಾಯ್ತು ಅಂತ ಏಳಲು ಹೋದವರು ಗೋಡೆ ಹಿಡಿದು ತೂಗಾಡಿದರು. ಕಣ್ಣು ಕತ್ತಲೆ ಬಂದಿತ್ತು. ನನ್ನ ತಲೆಯೂ ಸಿಡಿಯುತ್ತಿತ್ತು. ಅವರ ಕಂಕುಳಿಗೆ ಕೈ ಕೊಟ್ಟು ಹೇಗೋ ಹಿತ್ತಲಿಗೆ ಕರೆತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ. ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿತ್ತು. ಅವರಿಗೆ ಒಮ್ಮೆ ವಾಂತಿಯಾಯಿತು. ಸ್ವಲ್ಪ ಹೊತ್ತಿನಲ್ಲಿ ಅವರ ಮುಖಕ್ಕೆ ಕಳೆ ಬಂತು.

ಆಗ ಹೇಳಿದೆ. ಕಾಪಿ ಪುಸ್ತಕ ತಂದು ಪ್ರತಿ ದಿನದ್ದನ್ನೂ ಓದಿದೆ. ಬುಧವಾರದ್ದನ್ನು ಎರಡು ಸಲ ಓದಿಸಿದರು.

“ಚಳಿ ತಲೆಗೇರದೆ ಇರ್ಲಿ ಅಂತ ಮಡಗ್ದೆ. ನಾನು ಮಡಗಿದ್ ಬೆಂಕಿನೇ ನಿನ್ ತಲೆ ತಿಂತಿತ್ತಲ್ಲ ಮಗ.”

ಹಾಗಂದು ನನ್ನ ಹಣೆಯ ಮೇಲೆ ಕೈಯಿಟ್ಟರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನೆಪ ಹುಡುಕುವ ದನಿಯೂ ಇರಲಿಲ್ಲ. ತಕ್ಷಣ ಎದ್ದು ಕುಂಡವನ್ನು ಹಿತ್ತಲಿಗೆ ತಂದು ನೀರು ಸುರಿದರು. ಕಿಟಕಿಯ ಗೋಣಿಗಳನ್ನು ತಾವೇ ಕಿತ್ತೆಸೆದರು. ಅವತ್ತು ಲಿಂಗಪೂಜೆ ಬೇಗ ಮುಗಿಸಿ, ಊಟಕ್ಕೂ ನಿಲ್ಲದೆ ಸೆರಗು ಹೊದ್ದು ಹೊರಟರು. ಎಲ್ಲಿಗೆ ಅಂತ ಕೇಳಿದೆ.

“ತೆರಕಣಾಂಬಿಗೆ ಕಣ್ ಮಗ. ಅಲ್ಲೂ ಮಡಗಿಸ್ಬುಟ್ಟು ಬಂದಿವ್ನಲ್ಲ.”

ಬಾಣಂತಿಯ ಕೋಣೆ ಎಂದರೆ ಹೇಗಿರುತ್ತದೆ ಅಂತ ನಾನೂ ಬಲ್ಲೆ. ಗಾಳಿ ತಾಗಬಾರದೆಂದು ಕಿಟಕಿ ಇದ್ದರೂ ತೆರೆಯುವುದಿಲ್ಲ.

ಅಲ್ಲಿ ನಡೆದದ್ದನ್ನು ಅವರು ಆಮೇಲೆ ಹೇಳಿದರು. ಹೆಂಗಸರು ಒಪ್ಪಲಿಲ್ಲವಂತೆ. ಹಸಿಮೈಗೆ ಥಂಡಿ ಹೊಡೆದರೆ ಯಾರು ಹೊಣೆ ಅಂತ ಜಗಳಕ್ಕೇ ಬಂದರಂತೆ. ನೆನ್ನೆ ನೀನೇ ಇಡಿಸಿ ಇವತ್ತು ನೀನೇ ತೆಗಿ ಅಂತೀಯಲ್ಲ, ನಿನಗೇನಾಗಿದೆ ಅಂತ ಕೇಳಿದ್ದಕ್ಕೆ, ನೆನ್ನೆ ನನಗೆ ಗೊತ್ತಿರಲಿಲ್ಲ, ಇವತ್ತು ಗೊತ್ತಾಯಿತು ಅಂದರಂತೆ. ಕೊನೆಗೆ ತಾವೇ ಎರಡೂ ಕುಂಡಗಳನ್ನು ಜಗಲಿಗೆ ತಂದಿಟ್ಟು, ಮೇಲಿನ ಗವಾಕ್ಷಿಯ ಬಟ್ಟೆ ತೆಗೆಸಿ, ತಾಯಿ ಮಗುವಿಗೆ ಕಂಬಳಿ ಹೊದಿಸಿ, ಯಾರೂ ವಾಪಸು ಇಡದ ಹಾಗೆ ಎರಡು ದಿನ ಬಾಗಿಲಲ್ಲೇ ಕೂತರು. ಎರಡನೆಯ ದಿನ ಬಾಣಂತಿಯ ತಲೆ ಹಗುರಾಯಿತು. ಮಂಕಾಗಿ ಮಲಗೇ ಇರುತ್ತಿದ್ದ ಕೂಸು ಬಾಯಿ ಬಿಟ್ಟು ಅತ್ತು ಹಾಲು ಕುಡಿಯಿತು.

ಶನಿವಾರ ಡಾಕ್ಟರಿಗೆ ಪುಸ್ತಕ ತೋರಿಸಿದೆ. ಅವರು ನಿಧಾನವಾಗಿ ಓದಿ, ಗುರುವಾರದ್ದಕ್ಕೆ ಬಂದಾಗ ಕನ್ನಡಕ ತೆಗೆದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಒಂದು ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದೇ ಹೋದದ್ದೂ ಉಂಟು ಅಂತ ವಿವರಿಸಿದರು. ನೀವಿಬ್ಬರೂ ಪುಣ್ಯವಂತರು ಅಂದರು. ಬಾಣಂತಿಯ ಕೋಣೆಯ ಕೆಂಡ ತೆಗೆಸಲು ಅವ್ವ ಅವತ್ತೇ ಓಡಿದ ಸಂಗತಿ ಹೇಳಿದಾಗ, ಆ ಅಜ್ಜಿಯನ್ನು ಒಮ್ಮೆ ಕರೆತನ್ನಿ, ನಾನು ನೋಡಬೇಕು ಅಂದರು. ಅವ್ವನ ಶುಂಠಿ ಪಟ್ಟನ್ನೂ ನೀಲಗಿರಿ ಹಬೆಯನ್ನೂ ಅವರು ಬೈಯಲಿಲ್ಲ. ಶೀತಕ್ಕೆ ಅವು ಹಿತವೇ, ಈ ನೋವಿಗೆ ಮಾತ್ರ ಮದ್ದು ಗಾಳಿಯೊಂದೇ ಅಂದರು.

ಅಷ್ಟಕ್ಕೇ ಎಲ್ಲವೂ ಸರಿಹೋಯಿತು ಎಂದೇನಲ್ಲ. ಬೆಳಗಿನ ನೋವು ಹೋಯಿತು, ಆದರೆ ಕೆಲವು ದಿನ ಸಂಜೆಗೆ ಹಣೆ ಭಾರವಾಗುತ್ತಿತ್ತು. ಮತ್ತೆ ಬರೆದು ತೋರಿಸಿದೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಂತ ಕೇಳಿದರು. ಶಾಲೆಯಲ್ಲಿ ಹೆಂಗಸರಿಗೆ ಮರೆಯ ಜಾಗವಿರಲಿಲ್ಲ. ಅದಕ್ಕಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ನೀರೇ ಕುಡಿಯುತ್ತಿರಲಿಲ್ಲ. ಚಳಿಯಲ್ಲಿ ಬಾಯಾರಿಕೆಯೂ ಆಗುತ್ತಿರಲಿಲ್ಲ, ಅದೇ ಅನುಕೂಲ ಅಂದುಕೊಂಡಿದ್ದೆ. ಇದನ್ನು ಗಂಡಸಿನ ಮುಂದೆ ಹೇಗೆ ಹೇಳುವುದು ಅಂತ ತಡವರಿಸುತ್ತಿದ್ದಾಗ ಅವರೇ ಅರ್ಥಮಾಡಿಕೊಂಡು, ಮನೆ ಎಷ್ಟು ದೂರ ಅಂದರು. ಹಿಂದಿನ ಬೀದಿ ಅಂದೆ. ಹಾಗಾದರೆ ವಿರಾಮದಲ್ಲಿ ಹೋಗಿ ಬನ್ನಿ, ನೀರು ಕುಡಿಯಿರಿ ಅಂತ ಮುಗಿಸಿದರು. ಅವತ್ತಿನಿಂದ ವಿರಾಮದ ಗಂಟೆ ಹೊಡೆದರೆ ಹಿತ್ತಲ ಬಾಗಿಲು ತೆರೆದಿರುತ್ತಿತ್ತು. ಒಂದು ಚೊಂಬು ಬಿಸಿನೀರು, ಒಂದು ಲೋಟ ರಾಗಿ ಅಂಬಲಿ ಹಿಡಿದು ಅವ್ವ ನಿಂತಿರುತ್ತಿದ್ದರು. ನಾನು ಕುಡಿದು ಮುಗಿಸುವವರೆಗೂ ಲೋಟ ಕೊಡು ಅನ್ನುತ್ತಿರಲಿಲ್ಲ.

ಹೊಸ ಸ್ಲೇಟು ತೆಗೆದುಕೊಂಡು ಆ ಹೆಣ್ಣುಮಗುವಿನ ಮನೆಗೆ ನಾನೇ ಹೋದೆ. ಕೂಲಿಗೆ ಹೊರಟಿದ್ದ ಅದರ ತಾಯಿಗೆ, ತಪ್ಪು ಮಗುವಿನದಲ್ಲ, ನನ್ನದು ಅಂತ ಹೇಳಿದೆ. ಮೇಷ್ಟ್ರಮ್ಮ ಮನೆ ಬಾಗಿಲಿಗೆ ಬಂದು ಹಾಗೆ ಹೇಳಿದ್ದಕ್ಕೆ ಏನು ಮಾಡಬೇಕೆಂದು ತೋಚದೆ ಆಕೆ ಕುಡಿಯಲು ನೀರು ತಂದುಕೊಟ್ಟಳು. ಮಗು ಒಳಗಿನಿಂದ ಬಂದು ಸ್ಲೇಟನ್ನು ತಿರುಗಿಸಿ ನೋಡಿ, ನನ್ನ ಮುಂದೆ ಶಾಲೆಯ ದಾರಿ ಹಿಡಿದು ನಡೆಯಿತು.

ಆ ಬೇಸಿಗೆಯಲ್ಲಿ ನಾನು ಪರೀಕ್ಷೆ ಪಾಸಾದೆ. ಅಮ್ಮ ಕೆಲಸ ಬಿಡು ಅನ್ನುವುದನ್ನು ನಿಲ್ಲಿಸಿದಳು. ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಡಾಕ್ಟರು ಎದ್ದು ನಿಂತು ಕೈಮುಗಿದರು. ಅವ್ವ ಗಾಬರಿಯಾಗಿ ನನ್ನ ಹಿಂದೆ ಸರಿದರು. ಬಸ್ಸಿನಲ್ಲಿ ವಾಪಸಾಗುವಾಗ, ದೊಡ್ಡವರು ನನಗ್ಯಾಕೆ ಕೈಮುಗಿದರು ಅಂತ ಮತ್ತೆ ಮತ್ತೆ ಕೇಳಿದರು.

ಮುಂದೆ ಪ್ರತಿ ಮಾಗಿಯಲ್ಲೂ ಅವರು ಬೀದಿಯ ಮನೆಮನೆಗೂ ಹೋಗಿ, ಬಾಣಂತಿಯರಿದ್ದ ಕಡೆಯಂತೂ ತಪ್ಪದೆ, ಕುಂಡ ಆಚೆ ಇಡಿ ಅಂತ ಹೇಳಿ ಬರುತ್ತಿದ್ದರು. ಬೇರೆ ಯಾರದೋ ಮನೆಯ ಕತೆ ಅಂತ ಹೇಳಬಹುದಿತ್ತು. ಅವರು ಹಾಗೆ ಹೇಳಲಿಲ್ಲ. ನಾನು ಒಂದು ಮಗುವಿನ ತಲೆ ಕೆಡಿಸಿಬಿಟ್ಟಿದ್ದೆ ಕಣ್ರವ್ವ ಅಂತಲೇ ಶುರುಮಾಡುತ್ತಿದ್ದರು. ಗೊತ್ತಿಲ್ಲದೆ ಮಾಡಿದ್ದನ್ನು ಗೊತ್ತಾದ ದಿನವೇ ಬಿಟ್ಟು, ಊರ ಮುಂದೆ ಒಪ್ಪಿಕೊಂಡವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ನಾಲ್ಕು ವರ್ಷ ಆ ಮನೆಯಲ್ಲಿ ಬದುಕಿದ್ದು ನನ್ನ ಭಾಗ್ಯ. ವರ್ಗವಾಗಿ ಚಾಮರಾಜನಗರಕ್ಕೆ ಹೊರಟ ಬೆಳಿಗ್ಗೆ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ನನ್ನ ಎರಡು ಕೆನ್ನೆ ಹಿಡಿದು, ಬಿಸಿಲು ಬಂದ ಮೇಲೆ ತಲೆಗೆ ನೀರು ಹಾಕಿಕೋ, ಹಸಿದು ಓದಬೇಡ ಅಂತ ಹೇಳಿ, ಬಸ್ಸು ಹೊರಡುವವರೆಗೂ ಕಿಟಕಿಯ ಹತ್ತಿರವೇ ನಿಂತಿದ್ದರು.